1.6 ಮಿ.ಮೀ. ಅಲ್ಯೂಮಿನಿಯಂ ಆರ್ಮೇಚರ್ ತಂತಿ: ವರ್ಷಗಟ್ಟಲೆ ಬಳಸಿದ ಮೇಲೆ

ಪಾಲಿಮರ್ ಕ್ಲೇಯಲ್ಲಿ, ಅಂದರೆ ಓವನ್ನಿನಲ್ಲಿ ಬೇಯಿಸಿ ಗಟ್ಟಿ ಮಾಡುವ ಪ್ಲಾಸ್ಟಿಕ್ ಜೇಡಿಯಲ್ಲಿ, ಗೇಣುದ್ದದ ಗೊಂಬೆಗಳನ್ನು ಮಾಡುವವರಿಗೆ ಈ ತಂತಿ ಗೊತ್ತೇ ಇರುತ್ತದೆ. ಆರ್ಮೇಚರ್ ಅಂದರೆ ಗೊಂಬೆಯ ಒಳಗಿನ ಅಸ್ಥಿಪಂಜರ. ಸುರುಳಿಯಲ್ಲಿ ಬರುವ ಮೆತ್ತನೆಯ ಅಲ್ಯೂಮಿನಿಯಂ ತಂತಿ, 1.6 ಮಿಲಿಮೀಟರ್ ದಪ್ಪ. ಕೆಲವು ಸುರುಳಿಗಳ ಮೇಲೆ 14 ಗೇಜ್ ಅಂತ ಬರೆದಿರುತ್ತಾರೆ. ನನ್ನ ಬಹುತೇಕ ಗೊಂಬೆಗಳ ಒಳಗೆ ಇರುವುದು ಇದೇ. ನಿಂತವು, ಕೂತವು, ಓಡುವವು, ಒಂಟಿ ಕಾಲಿನಲ್ಲಿ ಕುಣಿಯುವವು, ಎಲ್ಲದರಲ್ಲೂ ಬಳಸಿದ್ದೇನೆ. ಮೈಗೆ ಮತ್ತು ಕೈಗೆ ಇದಕ್ಕಿಂತ ಒಳ್ಳೆಯ ತಂತಿ ನನಗೆ ಸಿಕ್ಕಿಲ್ಲ. ಪಾದದ ಕೀಲಿಗೆ ಮಾತ್ರ ಇದೊಂದನ್ನೇ ನಂಬಬೇಡಿ.

ಇದರ ದೊಡ್ಡ ಗುಣ, ಬಗ್ಗಿಸಿದ ಹಾಗೆ ನಿಲ್ಲುವುದು. ಕಾಯಿಸಿ ಮೆತ್ತಗೆ ಮಾಡಿದ ಅಲ್ಯೂಮಿನಿಯಂ ಆದ್ದರಿಂದ ಇಕ್ಕಳ ಬೇಕಾಗುವುದೇ ಕಡಿಮೆ, ಬೆರಳಲ್ಲೇ ಬಗ್ಗುತ್ತದೆ. ಸ್ಟೀಲ್ ತಂತಿ ಹಾಗಲ್ಲ. ಬಗ್ಗಿಸಿ ಕೈ ಬಿಟ್ಟರೆ ಒಂದಿಷ್ಟು ಹಿಂದಕ್ಕೆ ಬರುತ್ತದೆ. ಭಂಗಿ ಹುಡುಕುತ್ತಿರುವಾಗ ಅದು ತುಂಬಾ ಕಾಡುತ್ತದೆ. ಗೊಂಬೆಯ ಜೀವ ಇರುವುದೇ ಭಂಗಿಯಲ್ಲಿ ಅಲ್ವಾ? ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತರೆ ಆ ಕಡೆಯ ಸೊಂಟ ಮೇಲೇಳುತ್ತದೆ, ಹೆಗಲು ಕೆಳಗಿಳಿಯುತ್ತದೆ. ಕತ್ತಿನ ಗುಳಿ ಭಾರ ಹೊತ್ತ ಪಾದದ ನೇರಕ್ಕೆ ಬರುತ್ತದೆ. ಇದನ್ನೆಲ್ಲ ಬರೀ ತಂತಿ ಇದ್ದಾಗಲೇ ನೋಡಿ, ತಿರುಗಿಸಿ, ಮತ್ತೆ ನೋಡಿ ಸರಿ ಮಾಡಿಕೊಳ್ಳಬಹುದು. ಕ್ಲೇ ಮೆತ್ತಿದ ಮೇಲೆ ಸೊಂಟ ತಿರುಗಿಸಲು ಹೋದರೆ ಮೈಯೆಲ್ಲ ಸೀಳು ಬಿಡುತ್ತದೆ.

ನಾನು ಮೊದಲು ಗೊಂಬೆಯ ನಿಜ ಅಳತೆಯಲ್ಲೇ ಕಾಗದದ ಮೇಲೆ ಕಡ್ಡಿ ಚಿತ್ರ ಬರೆದುಕೊಳ್ಳುತ್ತೇನೆ. 15 ಸೆಂಟಿಮೀಟರ್ ಎತ್ತರದ ಗೊಂಬೆಗೆ ತಲೆ 2 ಸೆಂಟಿಮೀಟರ್. ಅಂದರೆ ಏಳೂವರೆ ತಲೆಯ ಎತ್ತರ. ತಂತಿಯನ್ನು ಚಿತ್ರದ ಮೇಲಿಟ್ಟು ಮೊಣಕೈ, ಮಂಡಿ, ಮಣಿಕಟ್ಟು ಎಲ್ಲಕ್ಕೂ ಮಾರ್ಕರ್‌ನಿಂದ ಗುರುತು ಹಾಕುತ್ತೇನೆ. ಒಂದೇ ಉದ್ದನೆಯ ತಂತಿ ಮಡಚಿದರೆ ತಲೆಗೊಂದು ಕುಣಿಕೆ, ಬೆನ್ನಿಗೆ ಹುರಿ, ಕೆಳಗೆ ಎರಡು ಕಾಲು ಸಿಗುತ್ತವೆ. ಕೈಗಳಿಗೆ ಬೇರೆ ತಂತಿ ಅಡ್ಡ ಕಟ್ಟಬೇಕು.

ಓವನ್ ವಿಷಯದಲ್ಲಿ ಚಿಂತೆ ಇಲ್ಲ. ಪಾಲಿಮರ್ ಕ್ಲೇ ಬೇಯುವುದು, ಬ್ರ್ಯಾಂಡ್ ಯಾವುದು ಅನ್ನುವುದರ ಮೇಲೆ, ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಬೇಕು. ಬಿಸಿಗೆ 15 ಸೆಂಟಿಮೀಟರ್ ತಂತಿ ಹಿಗ್ಗುವುದು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಅಷ್ಟನ್ನು ಕ್ಲೇ ತಡೆದುಕೊಳ್ಳುತ್ತದೆ. ತುಕ್ಕಿನ ಮಾತೇ ಇಲ್ಲ. ತೂಕವೂ ಅಷ್ಟೇ ದಪ್ಪದ ಸ್ಟೀಲ್ ತಂತಿಯ ಸುಮಾರು ಮೂರನೇ ಒಂದು ಪಾಲು. ಪ್ಲಾಸ್ಟಿಕ್ ಹೊದಿಕೆ ಇರುವ ತಂತಿಯನ್ನು ಮಾತ್ರ ಓವನ್ನಿಗೆ ಹಾಕಬೇಡಿ.

ಇನ್ನು ದಪ್ಪದ ವಿಷಯ. ಇದನ್ನು ಬಿಡಿಸಿ ಹೇಳುವವರು ಕಡಿಮೆ. ತಂತಿಯ ಬಿರುಸು, ಅಂದರೆ ಬಗ್ಗದೆ ತಡೆಯುವ ಗುಣ, ದಪ್ಪದ ಜೊತೆ ಸಮಸಮವಾಗಿ ಏರುವುದಿಲ್ಲ. ದಪ್ಪ ಎರಡು ಪಟ್ಟಾದರೆ ಬಿರುಸು 16 ಪಟ್ಟಾಗುತ್ತದೆ. 1 ಮಿಲಿಮೀಟರ್ ತಂತಿಗಿಂತ 1.6ರ ತಂತಿ ಆರು ಪಟ್ಟಿಗೂ ಜಾಸ್ತಿ ಬಿರುಸು. ಹಾಗಾಗಿ "ತೆಳು ತಂತಿ ಎರಡು ಸೇರಿಸಿ ಹುರಿ ಮಾಡಿದರೆ ದಪ್ಪ ತಂತಿಗೆ ಸಮ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1 ಮಿಲಿಮೀಟರಿನ ಎರಡು ಎಳೆ ಹುರಿ ಮಾಡಿದರೆ ಬಿರುಸು ಹೆಚ್ಚುಕಡಿಮೆ ಎರಡು ಪಟ್ಟಾಗಬಹುದು, ಅಷ್ಟೇ. ಹುರಿಯಿಂದ ನಿಜವಾಗಿ ಸಿಗುವುದು ಹಿಡಿತ. ಅದರ ತಿರುವುಗಳಲ್ಲಿ ಕ್ಲೇ ಕೂತುಕೊಳ್ಳುತ್ತದೆ. ಹಿಡಿತ ಬೇಕಾದರೆ ಹುರಿ ಮಾಡಿ, ಬಲ ಬೇಕಾದರೆ ದಪ್ಪ ತಂತಿ ತೆಗೆದುಕೊಳ್ಳಿ.

ಪಾದದ ಕೀಲಿನ ಸಮಸ್ಯೆಯೂ ಇಲ್ಲಿಂದಲೇ ಶುರುವಾಗುತ್ತದೆ. 15 ಸೆಂಟಿಮೀಟರ್ ಗೊಂಬೆಯಲ್ಲಿ ಆ ಜಾಗ ಬರೀ 5–6 ಮಿಲಿಮೀಟರ್ ಅಗಲ. ಅದರಲ್ಲಿ ಕ್ಲೇಗೂ ಜಾಗ ಬೇಕು. ದಪ್ಪ ತಂತಿ ಹಾಕಲು ಆಗುವುದಿಲ್ಲ. ಆದರೆ ಇಡೀ ಗೊಂಬೆಯಲ್ಲಿ ಜಾಸ್ತಿ ಏಟು ತಿನ್ನುವುದು ಅದೇ ಜಾಗ. ಮೂಗು ತಿದ್ದುವಾಗ ಹೆಬ್ಬೆರಳಿನಿಂದ ಒತ್ತಿದರೂ ಆ ಒತ್ತಡ ಪಾದದವರೆಗೆ ಇಳಿಯುತ್ತದೆ. ತಂತಿ ಅತ್ತ ಇತ್ತ ಆಡುತ್ತದೆ. ಅಲ್ಯೂಮಿನಿಯಂ ಒಂದೇ ಜಾಗದಲ್ಲಿ ಪದೇ ಪದೇ ಬಗ್ಗಿದರೆ ಗಡಸಾಗುತ್ತಾ ಹೋಗಿ, ಕೊನೆಗೆ ತುಂಡಾಗುತ್ತದೆ. ಕ್ಲೇ ಒಳಗೆ ತುಂಡಾದರೆ ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಬೆಂದ ಮೇಲೆ ಪಾದದ ಸುತ್ತ ಕೂದಲೆಳೆಯಂಥ ಬಿರುಕು ಕಾಣಿಸುತ್ತದೆ.

ನಾನು ಈಗ ಮಾಡುವುದು ಹೀಗೆ. ಮೀನಖಂಡದ ಅರ್ಧದಿಂದ ಕೆಳಕ್ಕೆ ಅಲ್ಯೂಮಿನಿಯಂ ಬದಲು ಅಷ್ಟೇ ದಪ್ಪದ ಜಿಂಕ್ ಲೇಪಿಸಿದ ಸ್ಟೀಲ್ ತಂತಿ. ಒಂದೇ ದಪ್ಪದಲ್ಲಿ ಸ್ಟೀಲ್‌ನ ಬಿರುಸು ಅಲ್ಯೂಮಿನಿಯಂನ ಸುಮಾರು ಮೂರು ಪಟ್ಟು, ಹಾಗಾಗಿ ಕಾಲು ದಪ್ಪಗಾಗದೆ ಬಲ ಬರುತ್ತದೆ. ಎರಡು ತಂತಿಗಳನ್ನು ಒಂದರ ಪಕ್ಕ ಒಂದು ಇಟ್ಟು, ತೆಳು ತಂತಿ ಬಿಗಿಯಾಗಿ ಸುತ್ತಿ, ಮೇಲೆ ಎಪಾಕ್ಸಿ ಪುಟ್ಟಿ (ಎರಡು ಭಾಗ ಕಲಸಿದರೆ ತಾನಾಗಿ ಗಟ್ಟಿಯಾಗುವ ಪುಟ್ಟಿ) ಹಚ್ಚುತ್ತೇನೆ. ಹಿಮ್ಮಡಿಯಿಂದ ಮೂರ್ನಾಲ್ಕು ಸೆಂಟಿಮೀಟರ್ ತಂತಿ ಕೆಳಗೆ ಉಳಿಸಿ, ಮರದ ಪೀಠದಲ್ಲಿ ತೂತು ಕೊರೆದು ಕೂರಿಸುತ್ತೇನೆ. ಓಡುವ ಅಥವಾ ಹಾರುವ ಗೊಂಬೆಗೆ ಇದೂ ಸಾಲದು. ಪೀಠದಿಂದ ಎದ್ದು ಬೆನ್ನೊಳಗೆ ಹೋಗುವ ಇನ್ನೊಂದು ಗಟ್ಟಿ ಕಂಬಿ ಬೇಕೇ ಬೇಕು.

ಓವನ್ನಿನಲ್ಲಿ ಈ ಬಲ ಇನ್ನೂ ಮುಖ್ಯ. ಕ್ಲೇ ಗಟ್ಟಿಯಾಗುವ ಮೊದಲು ಬಿಸಿಗೆ ಒಮ್ಮೆ ಮೆತ್ತಗಾಗುತ್ತದೆ. ಹೊರಗೆ ತೆಗೆದಾಗಲೂ ಪೂರ್ತಿ ಆರುವವರೆಗೆ ಬಳುಕುತ್ತದೆ. ಆ ಹೊತ್ತಿನಲ್ಲಿ ಗೊಂಬೆಯನ್ನು ಹಿಡಿದು ನಿಲ್ಲಿಸುವುದು ಒಳಗಿನ ತಂತಿ ಮಾತ್ರ. ಚಾಚಿದ ಕೈಗಳ ಕೆಳಗೆ ಫಾಯಿಲ್ ಉಂಡೆ ಇಟ್ಟು ಬೇಯಿಸುವುದು ಒಳ್ಳೆಯದು.

ತಂತಿ ಎಷ್ಟೇ ಚೆನ್ನಾಗಿದ್ದರೂ ಬರಿಮೈ ತಂತಿಗೆ ಪಾಲಿಮರ್ ಕ್ಲೇ ಅಂಟುವುದಿಲ್ಲ. ಕೈ ಮಾಡುತ್ತಿದ್ದರೆ ಕ್ಲೇ, ದಾರಕ್ಕೆ ಪೋಣಿಸಿದ ಮಣಿಯ ಹಾಗೆ, ತಂತಿಯ ಸುತ್ತ ತಿರುಗುತ್ತದೆ. ಇದು ತಂತಿಯ ದೋಷವಲ್ಲ, ಯಾವ ಲೋಹವಾದರೂ ಹೀಗೇ. ತೆಳು ತಂತಿಯನ್ನು ಬಿಡಿಬಿಡಿಯಾಗಿ ಸುತ್ತಿ, ಬಿಳಿ ಪಿವಿಎ ಅಂಟು ಹಚ್ಚಿ ಪೂರ್ತಿ ಒಣಗಿಸಿದರೆ ಹಿಡಿತ ಬರುತ್ತದೆ. ಎದೆ, ಹೊಟ್ಟೆ, ತಲೆಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಗಾತ್ರ ತುಂಬಬೇಕು. ಫಾಯಿಲನ್ನು ಸುಮ್ನೆ ಮುದುರಿ ಇಟ್ಟರೆ ಆಗದು, ಗಟ್ಟಿಯಾಗಿ ಒತ್ತಬೇಕು. ಒಳಗೆ ಉಳಿದ ಗಾಳಿ ಬಿಸಿಗೆ ಹಿಗ್ಗಿದರೆ ಮೇಲೆ ಗುಳ್ಳೆ ಏಳುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಫಾಯಿಲ್ ಇದ್ದರೆ ಕ್ಲೇ ಪದರ ಎಲ್ಲ ಕಡೆ ಒಂದೇ ದಪ್ಪ ಇರುತ್ತದೆ, ಬೇಯುವುದೂ ಸಮನಾಗಿ ಬೇಯುತ್ತದೆ.

ನನಗೆ ಅತ್ಯಂತ ಇಷ್ಟವಾದ ಉಪಾಯ ಇನ್ನೊಂದಿದೆ. ತೊಡೆ, ಮೀನಖಂಡ, ತೋಳು, ಮುಂಗೈ, ಎದೆಗೂಡು, ಸೊಂಟ ಇಷ್ಟಕ್ಕೂ ಪುಟ್ಟಿಯಿಂದ ತೆಳುವಾಗಿ ಮೂಳೆ ಕಟ್ಟಿ, ಕೀಲುಗಳನ್ನು ಮಾತ್ರ ಬರೀ ತಂತಿಯಾಗಿ ಬಿಡುವುದು. ಆಗ ತಂತಿ ಮಂಡಿಯಲ್ಲಿ ಬಗ್ಗಬೇಕಾದರೆ ಮಂಡಿಯಲ್ಲೇ ಬಗ್ಗುತ್ತದೆ, ತೊಡೆಯ ನಡುವೆ ಅಲ್ಲ. ಕೈಕಾಲು ರಬ್ಬರಿನಂತೆ ಬಳುಕಿದ ಹಾಗೆ ಕಾಣುವುದು ಇದರಿಂದ ನಿಲ್ಲುತ್ತದೆ. ಪುಟ್ಟಿ ಗಟ್ಟಿಯಾಗಲು ಒಂದು ದಿನ ಕಾಯಬೇಕು. ಆ ತಾಳ್ಮೆ ಇದ್ದರೆ ಮೆತ್ತನೆಯ ಅಲ್ಯೂಮಿನಿಯಂ ತಂತಿ ತನ್ನ ಪೂರ್ತಿ ಗುಣ ತೋರಿಸುತ್ತದೆ.

ಬೇಸರ ತರಿಸುವ ಸಂಗತಿಗಳೂ ಇವೆ. ಬರಿಮೈ ಅಲ್ಯೂಮಿನಿಯಂ ಮುಟ್ಟಿದ ಬೆರಳಿಗೆ ಬೂದು ಮಸಿ ಹತ್ತುತ್ತದೆ. ಬಿಳಿ ಅಥವಾ ತಿಳಿ ಬಣ್ಣದ ಕ್ಲೇ ಮೇಲೆ ಆ ಮಸಿ ಹೋದರೆ ತೆಗೆಯುವುದು ಕಷ್ಟ. ಕೆಲಸಕ್ಕೆ ಕೂರುವ ಮೊದಲು ತಂತಿಯನ್ನು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ಕೈಯನ್ನೂ ತೊಳೆದುಕೊಳ್ಳಿ. ಹಲ್ಲಿರುವ ಇಕ್ಕಳದಿಂದ ಹಿಡಿದರೆ ತಂತಿಯ ಮೇಲೆ ಕಚ್ಚು ಬೀಳುತ್ತದೆ, ಮುಂದೆ ಮುರಿಯುವುದು ಅದೇ ಕಚ್ಚಿನಲ್ಲಿ. ಇಕ್ಕಳದ ಬಾಯಿಗೆ ಟೇಪ್ ಸುತ್ತಿದರೆ ಸಾಕು. ಸುರುಳಿಯ ಬಾಗು ಬಿಡಿಸಲು ಒಂದು ತುದಿಯನ್ನು ವೈಸ್‌ನಲ್ಲಿ (ಮೇಜಿಗೆ ಬಿಗಿದ ಹಿಡಿಕೆಯಲ್ಲಿ) ಹಿಡಿಸಿ ಇನ್ನೊಂದನ್ನು ಇಕ್ಕಳದಿಂದ ಎಳೆಯಿರಿ, ನೇರವಾಗುತ್ತದೆ.

ಗೊಂಬೆ 10 ಸೆಂಟಿಮೀಟರಿಗಿಂತ ಚಿಕ್ಕದಾದರೆ 1.6 ದಪ್ಪವಾಯಿತು, 1 ಮಿಲಿಮೀಟರ್ ಸಾಕು. 25 ದಾಟಿದರೆ ಬೆನ್ನು ಮತ್ತು ಕಾಲಿಗೆ 3 ಮಿಲಿಮೀಟರ್ ಆಸುಪಾಸಿನದ್ದು ಬೇಕು. ಬೆರಳುಗಳಿಗೆ ಇದು ಯಾವ ಅಳತೆಯಲ್ಲೂ ಬೇಡ. ಅರ್ಧ ಮಿಲಿಮೀಟರ್ ಅಥವಾ ಅದಕ್ಕೂ ತೆಳುವಾದ ತಂತಿ ತೆಗೆದುಕೊಂಡು ಹಸ್ತವನ್ನು ಬೇರೆಯಾಗಿಯೇ ಮಾಡಿ, ಒಮ್ಮೆ ಬೇಯಿಸಿ, ಆಮೇಲೆ ಮಣಿಕಟ್ಟಿಗೆ ಕಟ್ಟಿ. ಬಿಸಿ ಮಿತಿ ಮೀರದಿದ್ದರೆ ಪಾಲಿಮರ್ ಕ್ಲೇ ಎರಡನೇ ಸಲ ಬೆಂದರೂ ಕೆಡುವುದಿಲ್ಲ. ಮೈ ತಿದ್ದುವಾಗ ಬೆರಳು ಮುರಿಯುವ ಭಯವೂ ಇರುವುದಿಲ್ಲ.