ಬಾತ್‌ರೂಮ್ ಗೋಡೆ ದೀಪ: ಕೆಲವು ಮಳೆಗಾಲ ಕಳೆದ ಮೇಲಿನ ಅನುಭವ

ನಮ್ಮದು ಮುಂಬೈಗೆ ಅಂಟಿಕೊಂಡಿರುವ ಮೀರಾ ರೋಡ್‌ನ ಹಳೆಯ ಬಿಲ್ಡಿಂಗ್‌ನಲ್ಲಿ ರೀಸೇಲ್‌ಗೆ ತೆಗೆದುಕೊಂಡ ಫ್ಲ್ಯಾಟ್. ಎರಡು ಬಾತ್‌ರೂಮ್ ಇವೆ. ಒಂದರಲ್ಲಿ ಕನ್ನಡಿಯ ಎರಡೂ ಪಕ್ಕಕ್ಕೆ ಹಿತ್ತಾಳೆ ಬಾಡಿಯ, ಹಾಲುಬಿಳುಪು ಗಾಜಿನ ಗೋಡೆ ದೀಪಗಳನ್ನು ನಾವೇ ಹಾಕಿಸಿದ್ದು. ಇನ್ನೊಂದರಲ್ಲಿ ಹಿಂದಿನ ಮಾಲೀಕರು ಕನ್ನಡಿಯ ಮೇಲೆ ಹಾಕಿಸಿದ್ದ ಕ್ರೋಮ್ ಎಲ್‌ಇಡಿ ಪಟ್ಟಿ ದೀಪ ಹಾಗೇ ಇತ್ತು. ಎರಡನ್ನೂ ದಿನಾ ಬಳಸಿದ್ದೇವೆ, ಒಂದೇ ಮಳೆ, ಒಂದೇ ಗಾಳಿ, ಒಂದೇ ಕರೆಂಟು. ಹಾಗಾಗಿ ಹೋಲಿಸಿ ಬರೆಯುವುದಕ್ಕೆ ಸರಿಯಾದ ಜಾಗ ಅನ್ನಿಸಿತು. ಅಂಗಡಿಯಲ್ಲಿ ಹೊಳೆಯುವ ದೀಪ ಮನೆಯಲ್ಲಿ ಹಾಕಿದ ಮೊದಲ ತಿಂಗಳೂ ಹೊಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆ ಎರಡು ಮೂರು ಸಲ ಬಂದು ಹೋದ ಮೇಲೇ ಅದರ ಗುಣ ಗೊತ್ತಾಗುವುದು.

ನನ್ನ ಪ್ರಕಾರ ಮುಂಬೈಯಲ್ಲಿ ಬಾತ್‌ರೂಮ್ ದೀಪ ಆರಿಸುವಾಗ ಮೊದಲು ನೋಡಬೇಕಾದ್ದು ಎಲ್ಲಿ ಹಾಕುತ್ತೀರಿ ಅನ್ನೋದು, ಆಮೇಲೆ ಬಾಡಿ ಯಾವುದರದ್ದು, ಆಮೇಲೆ ಬಲ್ಬ್. ಡಿಸೈನ್ ಎಲ್ಲದಕ್ಕಿಂತ ಕೊನೆಗೆ.

ಜಾಗದ ಮಾತು ಮೊದಲು. ತಲೆಯ ಮೇಲಿನಿಂದ ಮಾತ್ರ ಬೆಳಕು ಬಿದ್ದರೆ ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ, ಗದ್ದದ ನೆರಳು ಕತ್ತಿನ ಮೇಲೆ ಬೀಳುತ್ತದೆ. ಹಳೆಯ ಪಟ್ಟಿ ದೀಪದ ಕೆಳಗೆ ನಮ್ಮ ಮಾವನವರು ಶೇವಿಂಗ್ ಮಾಡಿಕೊಂಡು ಬಂದರೆ ಗದ್ದದ ಅಡಿಯಲ್ಲಿ ಒಂದು ಪಟ್ಟಿ ಕುರುಚಲು ಉಳಿದೇ ಇರುತ್ತಿತ್ತು. ಬ್ಲೇಡ್ ಬದಲಿಸಿದರೂ ಅಷ್ಟೇ. ಅವರಿಗೆ ಎಪ್ಪತ್ತು ದಾಟಿದೆ, ಕಣ್ಣಿನ ಆಪರೇಷನ್ ಆಗಿದೆ. ವಯಸ್ಸಾದ ಹಾಗೆ ಕಣ್ಣಿಗೆ ಬೆಳಕು ಜಾಸ್ತಿ ಬೇಕು, ಆದರೆ ಕಣ್ಣಿಗೆ ಚುಚ್ಚುವ ಬೆಳಕು ತಡೆಯುವುದಿಲ್ಲ. ಎರಡೂ ಒಟ್ಟಿಗೆ ಆಗಬೇಕಾದರೆ ಬೆಳಕು ಮುಖದ ಎರಡೂ ಪಕ್ಕದಿಂದ, ಮುಖದ ಮಟ್ಟದಲ್ಲೇ, ಹಾಲುಬಿಳುಪು ಗಾಜಿನ ಮೂಲಕ ಬರಬೇಕು. ಪಕ್ಕದ ದೀಪ ಹಾಕಿಸಿದ ಮೇಲೆ ಆ ಕುರುಚಲು ಪಟ್ಟಿ ಮಾಯ. ಈಗ ಅವರು ಆ ಬಾತ್‌ರೂಮ್ ಖಾಲಿಯಾಗುವ ತನಕ ಪೇಪರ್ ಹಿಡಿದುಕೊಂಡು ಕಾಯುತ್ತಾರೆ, ಇನ್ನೊಂದಕ್ಕೆ ಹೋಗುವುದಿಲ್ಲ.

ಎತ್ತರ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನೆಲದ ಟೈಲ್ಸ್‌ನಿಂದ ದೀಪದ ಮಧ್ಯಭಾಗಕ್ಕೆ ಐದರಿಂದ ಐದೂವರೆ ಅಡಿ, ಅಂದರೆ ಸುಮಾರು 152ರಿಂದ 168 ಸೆಂ.ಮೀ. ಇರುವುದು ರೂಢಿ. ಎರಡು ದೀಪಗಳ ನಡುವೆ 70ರಿಂದ 100 ಸೆಂ.ಮೀ. ಇದ್ದರೆ ಮುಖದ ಮೇಲೆ ಬೆಳಕು ಸಮನಾಗಿ ಕೂಡುತ್ತದೆ. ನಮ್ಮ ಮನೆಯಲ್ಲಿ ಗಂಡ ಐದು ಅಡಿ ಹತ್ತು ಇಂಚು, ಅತ್ತೆ ಐದಡಿಗೂ ಕಡಿಮೆ. ಗುಂಡಗಿನ ದೀಪ ಹಾಕಿದ್ದರೆ ಇಬ್ಬರಲ್ಲಿ ಒಬ್ಬರಿಗೆ ಆಗಿಬರುತ್ತಿರಲಿಲ್ಲ. ಅದಕ್ಕೇ ಹತ್ತಿಂಚು ಉದ್ದದ, ನೆಟ್ಟಗೆ ನಿಲ್ಲುವ ಶೇಡ್ ಆರಿಸಿದೆವು. ಮಧ್ಯಭಾಗ ಐದಡಿ ಎರಡಿಂಚಿಗೆ ಬರುವ ಹಾಗೆ ಇಟ್ಟಿದ್ದೇವೆ. ಮನೆಯಲ್ಲಿ ಎತ್ತರದ ವ್ಯತ್ಯಾಸ ಜಾಸ್ತಿ ಇದ್ದರೆ ಉದ್ದ ಶೇಡೇ ಸರಿ, ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ತೂತು ಹೊಡೆಯುವ ಮುಂಚೆ ಒಂದು ಕೆಲಸ ಮಾಡಿ. ರಾತ್ರಿ ಬಾತ್‌ರೂಮ್ ಲೈಟ್ ಆರಿಸಿ, ಇಬ್ಬರು ಕನ್ನಡಿಯ ಆಚೀಚೆ ಫೋನಿನ ಟಾರ್ಚ್ ಹಿಡಿದು ನಿಲ್ಲಿ, ಟಾರ್ಚ್ ಮುಂದೆ ತೆಳು ಬಿಳಿ ಬಟ್ಟೆ ಇರಲಿ. ಮೂರನೆಯವರು ಕನ್ನಡಿ ನೋಡಿಕೊಂಡು ಮೇಲೆ, ಕೆಳಗೆ, ಸ್ವಲ್ಪ ಆ ಕಡೆ ಅಂತ ಹೇಳಲಿ. ಸರಿ ಅನ್ನಿಸಿದ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ. ಆಮೇಲೆ ಬಾಗಿಲು ಪೂರ್ತಿ ತೆಗೆದು ನೋಡಿ, ಕನ್ನಡಿ ಕ್ಯಾಬಿನೆಟ್ ಇದ್ದರೆ ಅದರ ಬಾಗಿಲನ್ನೂ ತೆಗೆದು ನೋಡಿ. ಇಲ್ಲಿನ ಫ್ಲ್ಯಾಟ್‌ಗಳಲ್ಲಿ ಬಾತ್‌ರೂಮ್ ಅಂದರೆ ನಾಲ್ಕಡಿ ಅಗಲ ಇದ್ದರೆ ಪುಣ್ಯ. ಗೋಡೆಯಿಂದ ಐದಿಂಚಿಗಿಂತ ಜಾಸ್ತಿ ಮುಂದೆ ಬರುವ ದೀಪ ಹಾಕಿದರೆ ತಲೆ ಒರೆಸಿಕೊಳ್ಳುವಾಗ ಮೊಣಕೈ ತಾಗುತ್ತದೆ, ಟವೆಲ್ ಸಿಕ್ಕಿಕೊಳ್ಳುತ್ತದೆ. ನಮ್ಮದು ನಾಲ್ಕಿಂಚು ಬರುತ್ತದೆ, ತೊಂದರೆ ಆಗಿಲ್ಲ.

ಕನ್ನಡಿ ಮೂಲೆಗೆ ಅಂಟಿಕೊಂಡಿದ್ದು ಒಂದು ಪಕ್ಕದಲ್ಲಿ ಜಾಗವೇ ಇಲ್ಲದಿದ್ದರೆ, ಆ ಕಡೆಯ ದೀಪವನ್ನು ಅಡ್ಡ ಗೋಡೆಯ ಮೇಲೆ ಹಾಕಬಹುದು. ಅದೂ ಆಗದಿದ್ದರೆ ಕನ್ನಡಿಯಷ್ಟೇ ಅಗಲದ ಹಾಲುಬಿಳುಪು ದೀಪವನ್ನು ಕನ್ನಡಿಯ ಮೇಲೆ ಹಾಕಿ, ಕೆಳಗೆ ಬೇಸಿನ್ ಬಿಳಿಯದಿರಲಿ. ಬೆಳಕು ಅದರಿಂದ ಪುಟಿದು ಗದ್ದದ ಕೆಳಗೂ ಒಂದಿಷ್ಟು ಹೋಗುತ್ತದೆ.

ಇನ್ನು ನೀರು. ಡಬ್ಬದ ಮೇಲೆ ಐಪಿ ನಂಬರ್ ಇರುತ್ತದೆ. ಮೊದಲ ಅಂಕಿ ಧೂಳು, ಹುಳದಂಥವುಗಳಿಗೆ, ಎರಡನೆಯದು ನೀರಿಗೆ. ಐಪಿ20 ಅಂದರೆ ನೀರಿನಿಂದ ಏನೂ ರಕ್ಷಣೆ ಇಲ್ಲ, ಅದು ಹಾಲ್‌ಗೆ. ಐಪಿ44 ಅಂದರೆ ಯಾವ ಕಡೆಯಿಂದ ನೀರು ಚಿಮ್ಮಿದರೂ ತಡೆಯುತ್ತದೆ. ಐಪಿ65 ಪೈಪ್‌ನಿಂದ ನೀರು ಹೊಡೆದರೂ ತಡೆಯುತ್ತದೆ, ಧೂಳಂತೂ ಒಳಗೆ ಹೋಗುವುದೇ ಇಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಸ್ನಾನದ ಜಾಗದ ಅಂಚಿನಿಂದ 60 ಸೆಂ.ಮೀ. ತನಕವೂ ಒದ್ದೆ ವಲಯ ಅಂತಲೇ ಲೆಕ್ಕ. ಅದು ಬಾತ್‌ಟಬ್ ಅಥವಾ ಶವರ್ ಟ್ರೇ ಇರುವವರಿಗೆ ಮಾಡಿದ ಅಳತೆ. ನಮ್ಮಲ್ಲಿ ಬಕೆಟ್, ಚೊಂಬು, ಹೆಲ್ತ್ ಫಾಸೆಟ್. ನೀರು ಎಲ್ಲಿ ಬೇಕಾದರೂ ಹಾರುತ್ತದೆ. ನಮ್ಮ ಕನ್ನಡಿ ಬಾಗಿಲ ಪಕ್ಕ, ಶವರ್‌ನಿಂದ ನಾಲ್ಕಡಿ ದೂರ, ಹಾಗಾಗಿ ಐಪಿ44 ಸಾಕಾಯಿತು. ಶವರ್ ಪಕ್ಕದಲ್ಲೇ ಕನ್ನಡಿ ಇದ್ದರೆ ಕಣ್ಣು ಮುಚ್ಚಿಕೊಂಡು ಐಪಿ65 ತೆಗೆದುಕೊಳ್ಳಿ.

ಆದರೆ ಒಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಐಪಿ ಪರೀಕ್ಷೆ ಮಾಡುವುದು ಹೊಸ ದೀಪದ ಮೇಲೆ. ಗೀಸರ್ ನೀರಿನ ಹಬೆಯನ್ನು, ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಡುವುದನ್ನು ಐಪಿ44 ಪರೀಕ್ಷೆ ಅಳೆಯುವುದಿಲ್ಲ. ನಮ್ಮ ದೀಪದ ಗ್ಯಾಸ್ಕೆಟ್ ಸಿಲಿಕೋನ್‌ದು, ಇವತ್ತಿಗೂ ಒತ್ತಿದರೆ ಮೆತ್ತಗಿದೆ. ಪಟ್ಟಿ ದೀಪದ್ದು ಕಪ್ಪು ಫೋಮ್. ಬಿಚ್ಚಿದಾಗ ಪುಡಿಪುಡಿಯಾಗಿ ಕೈಗೆ ಬಂತು.

ಆ ಪಟ್ಟಿ ದೀಪ ಹಾಳಾದ ಬಗೆ ಹೇಳಬೇಕು. ಮೊದಲು ಸ್ಕ್ರೂ ಸುತ್ತ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಕ್ರೋಮ್ ಪದರದ ಕೆಳಗೆ ಕಬ್ಬಿಣ. ಗುಳ್ಳೆ ಒಡೆದು ಕಂದು ನೀರು ಟೈಲ್ಸ್ ಮೇಲೆ ಗೆರೆಯಾಗಿ ಇಳಿಯಿತು. ಅದರ ಅಲ್ಯೂಮಿನಿಯಂ ತುದಿಗಳಲ್ಲಿ ಸ್ಟೀಲ್ ಸ್ಕ್ರೂ ತಾಗುವ ಕಡೆ ಬಿಳಿ ಪುಡಿ ಕೂತಿತು. ಎರಡು ಬೇರೆ ಬೇರೆ ಲೋಹ, ನಡುವೆ ಉಪ್ಪಿನ ತೇವ, ಅಲ್ಯೂಮಿನಿಯಂ ಸವೆಯುವುದೇ. ಮೀರಾ ರೋಡ್, ಭಾಯಂದರ್ ಕಡೆ ಖಾಡಿ, ಅಂದರೆ ಸಮುದ್ರದ ಹಿನ್ನೀರು ಇದೆ, ಉಪ್ಪಿನ ಗದ್ದೆಗಳಿವೆ, ಗಾಳಿಯಲ್ಲೇ ಉಪ್ಪು. ಆದರೆ ಉಪ್ಪಿಗಿಂತ ದೊಡ್ಡ ಶತ್ರು ಬಾತ್‌ರೂಮಿನೊಳಗೇ ಇದೆ: ಆಸಿಡ್ ಬಾಟಲಿ. ಟೈಲ್ಸ್ ತಿಕ್ಕುವ ಆಸಿಡ್, ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಬಹುತೇಕ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದರ ಹೊಗೆ ಮುಚ್ಚಿದ ಬಾತ್‌ರೂಮಿನಲ್ಲಿ ಹರಡಿ ಕ್ರೋಮ್, ಸ್ಟೀಲ್ ಎಲ್ಲದರ ಮೇಲೂ ಕೂರುತ್ತದೆ. ದೀಪಕ್ಕೆ ತಾಗಿಸದಿದ್ದರೂ ತುಕ್ಕು ಹಿಡಿಯುತ್ತದೆ. ಮನೆಗೆಲಸಕ್ಕೆ ಬರುವವರಿಗೆ ನಾನು ಇದನ್ನು ತಿಳಿಸಿ ಹೇಳಿದೆ. ಈಗ ಸೋಪಿನ ಪುಡಿ, ಬ್ರಷ್ ಅಷ್ಟೇ. ಆಸಿಡ್ ಬೇಕೇ ಬೇಕು ಅಂದಾಗ ಎಕ್ಸಾಸ್ಟ್ ಹಾಕಿ, ಬಾಗಿಲು ತೆಗೆದಿಟ್ಟು, ಚೆನ್ನಾಗಿ ನೀರು ಹಾಕಿ ತೊಳೆಯುತ್ತಾರೆ. ಅವರ ಎದೆಗೂ ಅದೇ ಒಳ್ಳೆಯದು.

ಹಿತ್ತಾಳೆ ತುಕ್ಕು ಹಿಡಿಯುವುದಿಲ್ಲ, ಮಂಕಾಗುತ್ತದೆ. ನಮ್ಮದರ ಕೆಳ ಅಂಚಿನಲ್ಲಿ ಸಣ್ಣ ಹಸಿರು ಕಲೆ ಬಂದಿದೆ. ಪಾಲಿಶ್ ಮೇಲೆ ಲ್ಯಾಕರ್, ಅಂದರೆ ಪಾರದರ್ಶಕ ಲೇಪ ಇದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಲ್ಯಾಕರ್ ಕಿತ್ತು ಮಚ್ಚೆ ಮಚ್ಚೆಯಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿದರೆ ಸಾಕು. ಸ್ಟೇನ್‌ಲೆಸ್ ಸ್ಟೀಲ್ ಬಾಡಿ ಬೇಕು ಅನ್ನುವವರು 304 ಗ್ರೇಡ್ ಅಂತ ಕೇಳಿ. ಸಮುದ್ರಕ್ಕೆ ಹತ್ತಿರ ಇರುವವರಿಗೆ, ಗೋವಾದ ಕರಾವಳಿಯಲ್ಲಿ ಮನೆ ಮಾಡಿದವರಿಗೆ 316 ಇನ್ನೂ ಒಳ್ಳೆಯದು. ಅದರಲ್ಲಿ ಮಾಲಿಬ್ಡಿನಂ ಸೇರಿರುವುದರಿಂದ ಉಪ್ಪಿಗೆ ಅಷ್ಟು ಬೇಗ ಸೋಲುವುದಿಲ್ಲ, ಬೆಲೆ ಮಾತ್ರ ಜಾಸ್ತಿ. ಇನ್ನೊಂದು, ದೀಪ ಎಷ್ಟೇ ಒಳ್ಳೆಯದಿರಲಿ ಡಬ್ಬದೊಳಗೆ ಕೊಡುವ ಸ್ಕ್ರೂಗಳು ಹೆಚ್ಚಾಗಿ ಕಬ್ಬಿಣದವು. ಅಯಸ್ಕಾಂತ ಹಿಡಿದು ನೋಡಿ. ಬೇರೆ ಸ್ಕ್ರೂ ತರುವುದು ಹತ್ತಿಪ್ಪತ್ತು ರೂಪಾಯಿ ಕೆಲಸ.

ಹಾಕಿದವರು ವಿಜಯಪುರ ಕಡೆಯ ಎಲೆಕ್ಟ್ರಿಷಿಯನ್, ನಮ್ಮ ಸೊಸೈಟಿಗೆ ಬರುವವರು. ಕೆಲಸ ನೋಡುವ ಹಾಗಿತ್ತು. ಟೈಲ್ಸ್ ಮೇಲೆ ಟೇಪ್ ಅಂಟಿಸಿ, ಡ್ರಿಲ್‌ನ ಕುಟ್ಟುವ ಹ್ಯಾಮರ್ ಮೋಡ್ ಆಫ್ ಮಾಡಿ, ನಿಧಾನವಾಗಿ ತೂತು ಹೊಡೆದರು. ಗೋಡೆಗೂ ದೀಪದ ತಳಕ್ಕೂ ನಡುವೆ ಮೇಲೆ ಮತ್ತು ಪಕ್ಕಗಳಲ್ಲಿ ಸಿಲಿಕೋನ್ ಹಚ್ಚಿ ಕೆಳಗೆ ಬಿಟ್ಟುಬಿಟ್ಟರು. ಅಲ್ಲಿ ಯಾಕೆ ಇಲ್ಲ ಅಂತ ಕೇಳಿದೆ. “ಬ್ಯಾಡ್ರಿ ಅಕ್ಕಾರ, ಒಳಗ ಹ್ವಾದ ನೀರು ಹೊರಗ ಬರಾಕ ದಾರಿ ಬೇಕಲ್ರಿ” ಅಂದರು. ನೂರಕ್ಕೆ ನೂರು ಸರಿ. ಸುತ್ತಲೂ ಮುಚ್ಚಿದರೆ ಗೋಡೆಯ ತೇವ ತಳದಲ್ಲೇ ನಿಂತು ವೈರಿಂಗ್ ತನಕ ಹೋಗುತ್ತದೆ. ವೈರ್ ಜೋಡಿಸುವಲ್ಲಿ ಬರೀ ಇನ್ಸುಲೇಷನ್ ಟೇಪ್ ಸುತ್ತಲು ಬಿಡಬೇಡಿ. ನಾಲ್ಕು ತಿಂಗಳ ತೇವಕ್ಕೆ ಅದರ ಅಂಟು ಬಿಡುತ್ತದೆ. ವೈರನ್ನು ಒತ್ತಿ ಹಿಡಿಯುವ ಲಿವರ್ ಕನೆಕ್ಟರ್ ಹಾಕಿಸಿ. ಲೋಹದ ಬಾಡಿಗೆ ಅರ್ಥಿಂಗ್ ವೈರ್ ಕಡ್ಡಾಯ. ಮನೆಯ ಮೇನ್ ಬೋರ್ಡ್‌ನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಸಪ್ಲೈ ಕಡಿಯುವ ಸ್ವಿಚ್ ಇದೆಯಾ ನೋಡಿ. ಹಳೆಯ ಬಿಲ್ಡಿಂಗ್‌ಗಳಲ್ಲಿ ಎಷ್ಟೋ ಕಡೆ ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ಮಾತ್ರ ಇರುತ್ತದೆ. ಎಂಸಿಬಿ ವೈರನ್ನು ಕಾಯುತ್ತದೆ, ಒದ್ದೆ ಕೈಯಲ್ಲಿ ನಿಂತ ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ದೀಪದ ಖರ್ಚಿನಲ್ಲಿ ಕಡಿಮೆ ಮಾಡಿಯಾದರೂ ಇದನ್ನು ಹಾಕಿಸಿ, ದಯವಿಟ್ಟು.

ಬಲ್ಬ್ ವಿಷಯದಲ್ಲಿ ನನಗೆ ಹಟ ಇದೆ: ಬಲ್ಬ್ ಬದಲಿಸಬಹುದಾದ ದೀಪವೇ ಆಗಬೇಕು. ಪಟ್ಟಿ ದೀಪದಲ್ಲಿ ಎಲ್‌ಇಡಿ ಒಳಗೇ ಕೂತಿತ್ತು. ಅದಕ್ಕೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಕೆಟ್ಟು ಮಿಣುಕತೊಡಗಿದಾಗ ಅದೇ ಅಳತೆಯ ಡ್ರೈವರ್ ಎಲ್ಲೂ ಸಿಗಲಿಲ್ಲ, ಮಾರಿದ ಕಂಪನಿಗೆ ಕಳಿಸಿದ ಮೆಸೇಜ್‌ಗೆ ಉತ್ತರವಿಲ್ಲ, ಕೊನೆಗೆ ಇಡೀ ದೀಪ ಗುಜರಿಗೆ ಹೋಯಿತು. ಹಿತ್ತಾಳೆ ದೀಪದಲ್ಲಿ ಇ27, ಅಂದರೆ ಬಲ್ಬ್ ತಿರುಗಿಸಿ ಕೂರಿಸುವ ಹೋಲ್ಡರ್. ಒಂದು ಬಲ್ಬ್ ವೋಲ್ಟೇಜ್ ಏರುಪೇರಿಗೆ ಹೋಯಿತು, ಕೆಳಗಿನ ಅಂಗಡಿಯಿಂದ ಇನ್ನೊಂದು ತಂದು ತಿರುಗಿಸಿದೆವು, ಮುಗಿಯಿತು. ಒಂದೊಂದು ಕಡೆ 7 ವಾಟ್. ದಿನಕ್ಕೆ ಎರಡು ಗಂಟೆ ಉರಿದರೂ ಎರಡೂ ಸೇರಿ ವರ್ಷಕ್ಕೆ ಹತ್ತು ಯೂನಿಟ್ ಆಸುಪಾಸು.

ಬಣ್ಣ ನೋಡಿ ತೆಗೆದುಕೊಳ್ಳಿ. ಅದರ ಅಳತೆ ಕೆಲ್ವಿನ್, ಅಂಕಿ ಕಡಿಮೆ ಇದ್ದರೆ ಹಳದಿ, ಜಾಸ್ತಿ ಇದ್ದರೆ ನೀಲಿ ಕಡೆಗೆ. ಸುಮ್ನೆ ಬಲ್ಬ್ ಕೊಡಿ ಅಂದರೆ ಇಲ್ಲಿ 6500 ಕೆಲ್ವಿನ್ ಕೊಡುತ್ತಾರೆ. ಬಿಳಿ ಟೈಲ್ಸ್ ನಡುವೆ ಆ ಬೆಳಕಿನಲ್ಲಿ ಮುಖ ನೀಲಿಗಟ್ಟಿ ಕಾಯಿಲೆಯವರ ಹಾಗೆ ಕಾಣುತ್ತದೆ. 2700 ತೀರಾ ಹಳದಿ. ನಮಗೆ 4000 ಹಿಡಿಸಿತು. ಅದಕ್ಕಿಂತ ಮುಖ್ಯ ಸಿಆರ್‌ಐ, ಅಂದರೆ ಬಣ್ಣಗಳನ್ನು ಬೆಳಕು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನೋ ಅಳತೆ. ಸಾಮಾನ್ಯ ಬಲ್ಬ್‌ಗಳದ್ದು 80, ಒಳ್ಳೆಯದು 90ರ ಮೇಲೆ. ಆ ಸರಾಸರಿ ಎಂಟು ತಿಳಿ ಬಣ್ಣಗಳದ್ದು. ಗಾಢ ಕೆಂಪನ್ನು ಆರ್9 ಅಂತ ಬೇರೆಯೇ ಅಳೆಯುತ್ತಾರೆ, ಹಾಗಾಗಿ ಸಿಆರ್‌ಐ 80 ಇದ್ದ ಬಲ್ಬಿನಲ್ಲೂ ಕೆಂಪು ಸತ್ತಿರಬಹುದು. ಅತ್ತೆ ಇದನ್ನೆಲ್ಲ ಓದಿದವರಲ್ಲ. ಹಳೆಯ ದೀಪದ ಕೆಳಗೆ ಕುಂಕುಮ ಇಟ್ಟುಕೊಂಡು, “ಇದೇನು ಕಾಫಿಪುಡಿ ಬಣ್ಣ ಕಾಣ್ತದೆ, ಡಬ್ಬಿ ಬದಲಾಯ್ತಾ?” ಅಂತ ಕೇಳಿದ್ದರು. ಬಲ್ಬ್ ತರುವಾಗ ನಾನು ಕುಂಕುಮದ ಪುಟ್ಟ ಡಬ್ಬಿಯನ್ನೇ ಪರ್ಸಿನಲ್ಲಿ ಇಟ್ಟುಕೊಂಡು ಹೋದೆ. ಅಂಗಡಿಯವರು ನಾಲ್ಕು ಬಲ್ಬ್ ಹಾಕಿ ತೋರಿಸಿದರು. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು.

ಹಿತ್ತಾಳೆ ದೀಪದಲ್ಲೂ ಕೊರತೆ ಇದೆ. ಐಪಿ44ರ ಮೊದಲ 4 ಅಂದರೆ ಒಂದು ಮಿ.ಮೀ.ಗಿಂತ ದೊಡ್ಡದು ಮಾತ್ರ ಒಳಗೆ ಹೋಗದು. ಮೊದಲ ಮಳೆಗೆ ಬರುವ ಸಣ್ಣ ಹುಳಗಳು ಅದಕ್ಕಿಂತ ಚಿಕ್ಕವು. ಜೂನ್ ಕೊನೆಗೆ ಗಾಜಿನ ತಳದಲ್ಲಿ ಕಪ್ಪಗೆ ಕಾಣುತ್ತವೆ, ಬಿಚ್ಚಿ ತೊಳೆಯಬೇಕು. ಗಾಜು ಭಾರ, ಹಿಡಿದಿರುವ ಮೂರು ಸ್ಕ್ರೂ ತೀರಾ ಸಣ್ಣವು, ಒಬ್ಬರೇ ಬಿಚ್ಚುವುದು ಕಷ್ಟ. ಒಂದು ಗಾಜಿನ ಅಂಚು ಹೀಗೇ ಚಕ್ಕೆ ಎದ್ದಿತು. ಬದಲಿ ಗಾಜು ಅದೇ ಅಂಗಡಿಯಲ್ಲಿ ಸಿಕ್ಕಿತು. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಲೋಹಾರ್ ಚಾಲ್‌ನಿಂದ ತಂದಿದ್ದು. ಮರೀನ್ ಲೈನ್ಸ್‌ನಲ್ಲಿ ಇಳಿದು ನಡೆದು ಹೋಗಬಹುದು. ಜೋಡಿಗೆ ನಾಲ್ಕು ಸಾವಿರದ ಒಳಗೆ ಮುಗಿಯಿತು, ಚೌಕಾಸಿ ಮಾಡಿದ ಮೇಲೆ. ಅಲ್ಲಿ ದೀಪ ಕೈಯಲ್ಲಿ ಹಿಡಿದು ತೂಕ ನೋಡಬಹುದು, ಗ್ಯಾಸ್ಕೆಟ್ ಒತ್ತಿ ನೋಡಬಹುದು, ಒಳಗೆ ಅರ್ಥಿಂಗ್ ಸ್ಕ್ರೂ ಇದೆಯಾ ಅಂತ ಬಿಚ್ಚಿಸಿ ನೋಡಬಹುದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಹುಳಕ್ಕೆ ಮತ್ತು ಆ ಮೂರು ಸ್ಕ್ರೂಗೆ. ಇನ್ನೊಂದು ಬಾತ್‌ರೂಮಿಗೂ ಇದೇ ಬಗೆಯದು ತರುತ್ತಿದ್ದೇವೆ. ಅಲ್ಲಿ ಶವರ್ ಹತ್ತಿರ, ಹಾಗಾಗಿ ಐಪಿ65ರದ್ದು, ಗಾಜು ತಿರುಗಿಸಿ ಬಿಚ್ಚುವಂಥದ್ದು. ಮಳೆ ಶುರುವಾಗುವ ಮುಂಚೆ, ಗೋಡೆ ಒಣಗಿರುವಾಗಲೇ ಹಾಕಿಸಬೇಕು ಅಂತ ಎಲೆಕ್ಟ್ರಿಷಿಯನ್ ಹೇಳಿದ್ದಾರೆ, ಮೇ ಮೊದಲ ವಾರಕ್ಕೆ ಬರಲು ಒಪ್ಪಿದ್ದಾರೆ.