ಮಷೀನ್ ಡಯಾಲಿಸಿಸ್, ಹೊಟ್ಟೆ ಡಯಾಲಿಸಿಸ್: ನನ್ನ ಎದೆಬಡಿತಕ್ಕೆ ಯಾವುದು ಹಿತ?

ಕಿಡ್ನಿ ಕೈಕೊಟ್ಟ ಮೇಲೆ ಮೊದಲು ಮಷೀನ್ ಡಯಾಲಿಸಿಸ್‌ನಲ್ಲಿದ್ದೆ. ಈಗ ಹೊಟ್ಟೆಗೆ ದ್ರವ ತುಂಬಿ ತೆಗೆಯುವ ಸಿಎಪಿಡಿಯಲ್ಲಿದ್ದೇನೆ. ಖರ್ಚು, ಓಡಾಟದ ಬಗ್ಗೆ ಎಲ್ಲರೂ ಹೇಳುತ್ತಾರೆ. ಎದೆಬಡಿತದ ಬಗ್ಗೆ ಹೇಳುವವರು ಕಡಿಮೆ. ಆದರೆ ಡಯಾಲಿಸಿಸ್ ರೋಗಿಗಳ ಸಾವಿಗೆ ದೊಡ್ಡ ಕಾರಣವೇ ಹೃದಯದ ತೊಂದರೆ. ಹಾಗಾಗಿ ಅದೊಂದನ್ನೇ ಇಟ್ಟುಕೊಂಡು ಎರಡನ್ನೂ ಹೋಲಿಸುತ್ತೇನೆ.

ಮಷೀನ್ ಅಂದರೆ ವಾರಕ್ಕೆ 3 ಸಲ, ಸಲಕ್ಕೆ ಸುಮಾರು 4 ಗಂಟೆ. ಉಳಿದ ಹೊತ್ತೆಲ್ಲ ಪೊಟ್ಯಾಸಿಯಂ ರಕ್ತದಲ್ಲಿ ಸೇರುತ್ತಲೇ ಇರುತ್ತದೆ. ಈ ಲವಣ ಹೆಚ್ಚಾದರೂ ಕಡಿಮೆಯಾದರೂ ಎದೆಬಡಿತ ಹದ ತಪ್ಪುತ್ತದೆ. ಅದು 3.5ರಿಂದ 5ರೊಳಗೆ (ಲೀಟರಿಗೆ ಮಿಲಿಮೋಲ್ ಲೆಕ್ಕ) ಇರಬೇಕು. ಎರಡು ದಿನ ಗ್ಯಾಪ್ ಬಂದಾಗ ನನಗೆ 6 ದಾಟುತ್ತಿತ್ತು. ಇಸಿಜಿಯಲ್ಲಿ ಟಿ ಅಲೆ ಅನ್ನುವ ಗೆರೆ ಚೂಪಾಗಿ ಮೇಲೆದ್ದಿದ್ದನ್ನು, ಅಂದರೆ ಪೊಟ್ಯಾಸಿಯಂ ಏರಿದ ಗುರುತನ್ನು, ಡಾಕ್ಟರು ಬೆರಳಿಟ್ಟು ತೋರಿಸಿದ್ದರು. ಆ ದೊಡ್ಡ ಗ್ಯಾಪ್ ಮುಗಿಯುವ ದಿನವೇ ಹೃದಯಕ್ಕೆ ಅಪಾಯ ಜಾಸ್ತಿ ಅನ್ನುವುದು ಅಧ್ಯಯನಗಳಲ್ಲೂ ಕಂಡಿದೆ.

ಏರಿದ್ದು ಒಂದು ಕಷ್ಟ, ಇಳಿಯುವುದು ಇನ್ನೊಂದು. ಮಷೀನ್ ಹಾಕಿದ ಮೊದಲ ಒಂದೆರಡು ಗಂಟೆಯಲ್ಲೇ ಪೊಟ್ಯಾಸಿಯಂ ಸರಸರ ಇಳಿಯುತ್ತದೆ. ರಕ್ತದ ಆಮ್ಲ ಕಡಿಮೆಯಾಗುತ್ತದೆ, ಕ್ಯಾಲ್ಸಿಯಂ ಬದಲಾಗುತ್ತದೆ, ನೀರೂ ಹೊರಗೆ ಹೋಗುತ್ತದೆ. ಎಲ್ಲವೂ ಒಟ್ಟಿಗೆ. ಮೂರನೇ ಗಂಟೆಗೆ ನನಗೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ಬಿಪಿ ಇಳಿಯುತ್ತಿತ್ತು, ಎದೆ ಒಂದು ಬಡಿತ ತಪ್ಪಿಸಿ ಮುಂದಿನದನ್ನು ಜೋರಾಗಿ ಹೊಡೆಯುತ್ತಿತ್ತು. ಸುಸ್ತು ಅಂತ ಸುಮ್ನೆ ಬಿಡಬಾರದು, ಟೆಕ್ನಿಷಿಯನ್‌ಗೆ ಆಗಲೇ ಹೇಳಬೇಕು.

ಮಷೀನ್‌ನಲ್ಲೇ ಒಂದು ಬದಲಾವಣೆ ನನಗೆ ತುಂಬಾ ಸಹಾಯ ಮಾಡಿತು. ಮಷೀನ್‌ನಲ್ಲಿ ರಕ್ತ ಶುದ್ಧ ಮಾಡಲು ಬಳಸುವ ಡಯಾಲಿಸಿಸ್ ದ್ರವದಲ್ಲೂ ಪೊಟ್ಯಾಸಿಯಂ ಇರುತ್ತದೆ. ನನ್ನದು 1 ಇತ್ತು, ಡಾಕ್ಟರು 2 ಮಾಡಿದರು. ರಕ್ತಕ್ಕೂ ದ್ರವಕ್ಕೂ ಅಂತರ ಕಡಿಮೆಯಾದಷ್ಟೂ ಇಳಿತ ನಿಧಾನ. ಜೊತೆಗೆ ಎರಡು ಡಯಾಲಿಸಿಸ್ ನಡುವೆ ನೀರು ಕುಡಿಯುವುದನ್ನು ಬಿಗಿ ಮಾಡಿದೆ, ತೆಗೆಯಬೇಕಾದ ನೀರು ಕಡಿಮೆಯಾಯಿತು. ಬಡಿತ ತಪ್ಪುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಹೆದರಿಕೆ ಹೋಯಿತು.

ಸಿಎಪಿಡಿಯಲ್ಲಿ ಸಾಮಾನ್ಯವಾಗಿ 2 ಲೀಟರಿನ ಬ್ಯಾಗ್, ದಿನಕ್ಕೆ 4 ಸಲ. ಕೆಲಸ ಹಗಲೂ ರಾತ್ರಿ ನಿಧಾನವಾಗಿ ನಡೆಯುತ್ತಿರುತ್ತದೆ. ಏರಿಳಿತವೇ ಇಲ್ಲ ಅನ್ನುವಷ್ಟು ಸಮ. ಎದೆಯ ಆ ಜಿಗಿತ ನನಗೆ ಬಹಳ ಕಡಿಮೆಯಾಯಿತು.

ಆದರೆ ಇಲ್ಲಿ ತೊಂದರೆ ಉಲ್ಟಾ. ಬ್ಯಾಗಿನ ದ್ರವದಲ್ಲಿ ಪೊಟ್ಯಾಸಿಯಂ ಇರುವುದೇ ಇಲ್ಲ. ಅದರಲ್ಲಿರುವ ಗ್ಲೂಕೋಸ್ ಮೈಗೆ ಸೇರಿ ಇನ್ಸುಲಿನ್ ಏರುತ್ತದೆ, ಅದು ರಕ್ತದ ಪೊಟ್ಯಾಸಿಯಂ ಅನ್ನು ಜೀವಕೋಶಗಳೊಳಗೆ ತಳ್ಳುತ್ತದೆ. ಹಸಿವಿಲ್ಲದೆ ಸರಿಯಾಗಿ ತಿನ್ನದಿದ್ದ ಒಂದು ತಿಂಗಳು ನನ್ನದು 3.5ಕ್ಕಿಂತ ಕೆಳಗೆ ಹೋಯಿತು. ಕಾಲಲ್ಲಿ ಶಕ್ತಿಯೇ ಇಲ್ಲ, ಮತ್ತೆ ಬಡಿತ ತಪ್ಪತೊಡಗಿತು. ಮಷೀನ್ ಕಾಲದಲ್ಲಿ ಮುಟ್ಟಬೇಡಿ ಅಂದಿದ್ದ ಹಣ್ಣುಗಳನ್ನು ಈಗ ತಿನ್ನಿ ಅಂದರು, ಪೊಟ್ಯಾಸಿಯಂ ಸಿರಪ್ ಕೊಟ್ಟರು. ಇದನ್ನು ರಕ್ತ ಪರೀಕ್ಷೆ ನೋಡಿಯೇ ಮಾಡಬೇಕು, ನೀವೇ ಶುರು ಮಾಡಬೇಡಿ. ಇನ್ನು ಸೋಂಕಿನ ಭಯ ಇದ್ದೇ ಇದೆ. ಹೊರಬಂದ ದ್ರವ ಮಬ್ಬಾಗಿ ಕಂಡರೆ ತಕ್ಷಣ ಫೋನ್ ಮಾಡಬೇಕು.

ನನ್ನ ಆಯ್ಕೆ ಬ್ಯಾಗೇ. ಎದೆಗೆ ಬೇಕಾದ್ದು ಒಳ್ಳೆಯ ನಂಬರ್ ಒಂದೇ ಅಲ್ಲ, ಆ ನಂಬರಿಗೆ ನಿಧಾನವಾಗಿ ಹೋಗುವುದೂ ಬೇಕು ಅಂತ ನನ್ನ ಮೈ ಹೇಳುತ್ತದೆ. ಆದರೆ ಪೊಟ್ಯಾಸಿಯಂ ವಿಪರೀತ ಏರಿ ಜೀವಕ್ಕೇ ಬಂದಾಗ ಬೇಗ ಇಳಿಸುವುದು ಮಷೀನೇ. ಹೊಟ್ಟೆಗೆ ದೊಡ್ಡ ಆಪರೇಷನ್‌ಗಳಾಗಿದ್ದವರಿಗೂ ಹಲವು ಸಲ ಅದೇ ದಾರಿ.

ಮಷೀನ್‌ನಲ್ಲಿರುವವರು ಮುಂದಿನ ಸಲ ಹೋದಾಗ ದ್ರವದ ಪೊಟ್ಯಾಸಿಯಂ ಎಷ್ಟು ಅಂತ ಕೇಳಿ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪನ್ನು ಡಾಕ್ಟರನ್ನು ಕೇಳದೆ ಬಳಸಬೇಡಿ. ಅಂಥ ಉಪ್ಪಿನಲ್ಲಿ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ.