ಟಿವಿ ನಾಲ್ಕು ನಿಮಿಷಕ್ಕೆ ಕಪ್ಪಾಗುತ್ತಿದೆಯಾ? ಡಬ್ಬಿ ಬದಲಿಸಬೇಡಿ, ಸ್ವಿಚ್ ನೋಡಿ

ಕಲ್ಯಾಣ ಮಂಟಪ, ಲಾಡ್ಜ್, ದೊಡ್ಡ ಅಂಗಡಿ ನಡೆಸುವವರು ಇದನ್ನು ಓದಿ. ಒಂದೇ ಚಿತ್ರವನ್ನು ಲ್ಯಾನ್ ಕೇಬಲ್ ಮೂಲಕ ನಾಲ್ಕಾರು ಟಿವಿಗೆ ಹಂಚುವ ಡಬ್ಬಿಗಳು ಬಂದಿವೆಯಲ್ಲ, ಅವನ್ನು ಹಾಕಿಸುವ ಮುಂಚೆ ಓದಿ. ದಾವಣಗೆರೆಯ ಹದಡಿ ರಸ್ತೆ ಕಡೆ ನಮ್ಮ ಮಾವನವರ ಮಂಟಪ ಇದೆ. ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಹಾಕಿಕೊಟ್ಟ ಅಂಗಡಿಯ ಹೆಸರು ಬರೆಯುವುದಿಲ್ಲ. ಹೀಗೇ ಕೆಲಸ ಮಾಡುವವರು ಎಲ್ಲಾ ಊರಲ್ಲೂ ಇದ್ದಾರೆ.

ನಮಗೆ ಬೇಕಾಗಿದ್ದು ಇಷ್ಟೇ. ಮುಹೂರ್ತ ಮೇಲಿನ ಮಹಡಿಯಲ್ಲಿ, ಊಟದ ಹಾಲ್ ಕೆಳಗೆ. ಮೆಟ್ಟಿಲು ಹತ್ತಲಾಗದ ಹಿರಿಯರು ಕೆಳಗೇ ಕೂತು ಟಿವಿಯಲ್ಲಿ ನೋಡಬೇಕು. ವಿಡಿಯೋದವರ ಎಚ್‌ಡಿಎಂಐ ಒಂದು ಡಬ್ಬಿಗೆ, ಪ್ರತಿ ಟಿವಿ ಹಿಂದೆ ಇನ್ನೊಂದು ಡಬ್ಬಿ, ನಡುವೆ ಲ್ಯಾನ್ ಕೇಬಲ್‌ಗಳನ್ನೆಲ್ಲ ಜೋಡಿಸುವ ನೆಟ್‌ವರ್ಕ್ ಸ್ವಿಚ್. ಅಂಗಡಿಯವರು ಬಂದರು, ಹಾಕಿದರು. ಎಲ್ಲಾ ಟಿವಿಯಲ್ಲೂ ಚಿತ್ರ ಬಂತು. "ನೋಡ್ರೀ ಸಾರ್, ಎಷ್ಟು ಕ್ಲಿಯರ್ ಐತಿ" ಅಂದು ಚೆಕ್ ಇಸಕೊಂಡು ಹೋದರು.

ಮೊದಲ ಮದುವೆಯಲ್ಲೇ ಟಿವಿ ಕಪ್ಪಾಯಿತು. ಡಬ್ಬಿ ಆಫ್ ಮಾಡಿ ಆನ್ ಮಾಡಿದರೆ ಬರುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತೆ. ತಾಳಿ ಕಟ್ಟುವ ಹೊತ್ತಿಗೂ ಹೋಯಿತು. ಕೆಳಗಿದ್ದ ಅಜ್ಜಿಯೊಬ್ಬರು ಅಕ್ಕಿಕಾಳು ಕೈಯಲ್ಲಿ ಹಿಡಿದು "ಏ ತಮ್ಮಾ, ಆತೇನೋ, ಇನ್ನೂ ಇಲ್ಲೇನೋ?" ಅಂತ ನನ್ನನ್ನೇ ಕೇಳುತ್ತಿದ್ದರು.

ಅಂಗಡಿಯವರು ಮೊದಲು ಕೇಬಲ್ ಸರಿಯಿಲ್ಲ ಅಂದರು. ಆಮೇಲೆ ಡಬ್ಬಿ ಕೆಟ್ಟಿದೆ, ಹೊಸದು ತಗೊಳ್ಳಿ ಅಂದರು. ಅದಕ್ಕೆ ಬೇರೆ ಬಿಲ್. ಹೊಸ ಡಬ್ಬಿಯೂ ಅಷ್ಟೇ ಹೊತ್ತಿಗೆ ಕೈಕೊಟ್ಟಿತು. ಕೊನೆಗೆ ಅವರ ಹುಡುಗ ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್ ಅನ್ನುವ ಸೆಟ್ಟಿಂಗನ್ನೇ (ಅದೇನು ಅಂತ ಮುಂದೆ ಹೇಳುತ್ತೇನೆ) ಆಫ್ ಮಾಡಿ ಹೋದ. ಟಿವಿ ಸರಿಯಾಯಿತು, ಉಳಿದದ್ದೆಲ್ಲ ಕೆಟ್ಟಿತು. ಆಫೀಸಿನ ವೈಫೈ ಸತ್ತಂತಾಯಿತು. ಬಿಲ್ಲಿಂಗ್ ಕಂಪ್ಯೂಟರ್ ಸುತ್ತುತ್ತಾ ಕೂತಿತು. ಈ "ಆಫ್ ಮಾಡಿಬಿಡಿ" ಸಲಹೆ ಸಿಕ್ಕಾಪಟ್ಟೆ ಜನ ಕೊಡುತ್ತಾರೆ. ಕೇಳಬೇಡಿ.

ಕಾರಣ ಹೇಳಿದ್ದು ನಮ್ಮ ತಂಗಿಯ ಮಗ. ಬೆಂಗಳೂರಲ್ಲಿ ಇದೇ ಕೆಲಸದಲ್ಲಿದ್ದಾನೆ, ರಜೆಗೆ ಬಂದಿದ್ದ. ಈ ಡಬ್ಬಿಗಳು ಚಿತ್ರ ಕಳಿಸುವುದು ಮಲ್ಟಿಕಾಸ್ಟ್‌ನಲ್ಲಿ, ಅಂದರೆ ಒಂದೇ ಸಲ ಕಳಿಸಿದ್ದು ಕೇಳಿದವರಿಗೆಲ್ಲ ಸಿಗುವ ಹಾಗೆ; ಅದಕ್ಕೆ 224ರಿಂದ 239ರವರೆಗಿನ ಅಂಕಿಯಿಂದ ಶುರುವಾಗುವ ಐಪಿ ವಿಳಾಸಗಳಿವೆ. ಯಾರಿಗೆ ಬೇಕು ಅಂತ ಕೇಳುವ, ಹೇಳುವ ನಿಯಮವೇ ಐಜಿಎಂಪಿ. ಸ್ನೂಪಿಂಗ್ ಇದ್ದರೆ, ಕೇಳಿದ ಪೋರ್ಟಿಗೆ ಮಾತ್ರ ಸ್ವಿಚ್ ಕೊಡುತ್ತೆ. ಇಲ್ಲದಿದ್ದರೆ ಎಲ್ಲಾ ಪೋರ್ಟಿಗೂ ಸುರಿಯುತ್ತೆ, ವೈಫೈ ಡಬ್ಬಿಯ ಪೋರ್ಟಿಗೂ. ನಮ್ಮ ಚಿತ್ರ ಸುಮಾರು 15 ಎಂಬಿಪಿಎಸ್. ವೈಫೈ ಸಾಮಾನ್ಯವಾಗಿ ಮಲ್ಟಿಕಾಸ್ಟನ್ನು ತನ್ನ ತೀರಾ ಕೆಳಗಿನ ವೇಗದಲ್ಲಿ ಕಳಿಸುತ್ತೆ, 1 ಅಥವಾ 6 ಎಂಬಿಪಿಎಸ್. ಇನ್ನೆಲ್ಲಿ ಹಿಡಿಸಬೇಕು?

ಹಾಗಾದರೆ ಸ್ನೂಪಿಂಗ್ ಆನ್ ಇದ್ದಾಗ ಟಿವಿ ಹೋಗಿದ್ದು ಯಾಕೆ? ಕ್ವೆರಿಯರ್ ಇರಲಿಲ್ಲ. ಊಟದ ಪಂಕ್ತಿಯಲ್ಲಿ "ಅನ್ನ ಬೇಕಾ, ಅನ್ನ ಬೇಕಾ" ಅಂತ ಕೇಳುತ್ತಾ ಹೋಗುವವನು ಇರುತ್ತಾನಲ್ಲ, ಕ್ವೆರಿಯರ್ ಅವನೇ. ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ ಕೇಳುತ್ತೆ, ಡಬ್ಬಿಗಳು ಹೂಂ ಅನ್ನುತ್ತವೆ. ಯಾರೂ ಕೇಳದಿದ್ದರೆ ಡಬ್ಬಿಯೂ ಸುಮ್ಮನಿರುತ್ತೆ, ಇವರಿಗೆ ಬೇಡ ಅಂದುಕೊಂಡು ಸ್ವಿಚ್ ಹೆಸರು ಅಳಿಸುತ್ತೆ. 1997ರಲ್ಲಿ ಬಂದ ಐಜಿಎಂಪಿ ಎರಡನೇ ಆವೃತ್ತಿಯ ಲೆಕ್ಕದಲ್ಲಿ ಎರಡು ಸಲ 125, ಮೇಲೆ ಉತ್ತರಕ್ಕೆ ಕಾಯುವ 10, ಒಟ್ಟು 260 ಸೆಕೆಂಡ್. ನಾಲ್ಕು ನಿಮಿಷ ಚಿಲ್ಲರೆ. ಹೆಸರಿಲ್ಲದ ಮಲ್ಟಿಕಾಸ್ಟನ್ನು ಬಿಸಾಕು ಅಂತ ನಮ್ಮ ಸ್ವಿಚ್ಚಿನಲ್ಲಿ ಸೆಟ್ ಆಗಿತ್ತು, ಹಾಗಾಗಿ ಚಿತ್ರ ಪೂರ್ತಿ ನಿಂತಿತು. ಡಬ್ಬಿ ಆನ್ ಮಾಡಿದ ತಕ್ಷಣ ಅದು ತಾನಾಗಿಯೇ ನನಗೆ ಚಿತ್ರ ಬೇಕು ಅನ್ನುತ್ತೆ, ಅದಕ್ಕೇ ಚಿತ್ರ ಮತ್ತೆ ಬರುತ್ತಿತ್ತು. ಎಲ್ಲರೂ ಡಬ್ಬಿಯನ್ನೇ ಬೈದದ್ದು ಇದರಿಂದ.

ಅವನು ಮಾಡಿದ್ದು: ಸ್ನೂಪಿಂಗ್ ಆನ್, ಮುಖ್ಯ ಸ್ವಿಚ್ಚಿನಲ್ಲಿ ಕ್ವೆರಿಯರ್ ಆನ್, ಟಿವಿಗಳಿಗೆ ಬೇರೆ ವಿಲ್ಯಾನ್, ಅಂದರೆ ಅದೇ ಸ್ವಿಚ್ಚಿನೊಳಗೆ ಪ್ರತ್ಯೇಕ ಮಾಡಿದ ನೆಟ್‌ವರ್ಕ್. ಆ ವಿಲ್ಯಾನ್‌ಗೆ ಸ್ವಿಚ್ಚಿನಲ್ಲಿ ಒಂದು ಐಪಿ ಕೊಡಿ. ಕೆಲವು ಸ್ವಿಚ್‌ಗಳಲ್ಲಿ ಐಪಿ ಇಲ್ಲದೆ ಕ್ವೆರಿಯರ್ ಶುರುವೇ ಆಗುವುದಿಲ್ಲ. ಅಪ್ಪಿತಪ್ಪಿ ಎರಡು ಕಡೆ ಕ್ವೆರಿಯರ್ ಹಾಕಿದರೂ ಗಾಬರಿ ಬೇಡ, ಚಿಕ್ಕ ಐಪಿ ಇರುವುದು ಕೆಲಸ ಮಾಡುತ್ತೆ, ಇನ್ನೊಂದು ಸುಮ್ಮನಾಗುತ್ತೆ.

ಫಾಸ್ಟ್ ಲೀವ್ ಅಂತ ಒಂದು ಸೆಟ್ಟಿಂಗ್ ಇರುತ್ತೆ, ಒಂದು ಡಬ್ಬಿ ಬೇಡ ಅಂದ ತಕ್ಷಣ ಬೇರೆಯವರಿಗೆ ಬೇಕಾ ಅಂತ ಕೇಳದೆ ಆ ಪೋರ್ಟಿಗೆ ಚಿತ್ರ ನಿಲ್ಲಿಸುತ್ತೆ. ಹೆಸರು ಚೆನ್ನಾಗಿದೆ ಅಂತ ಎಲ್ಲಾ ಪೋರ್ಟಿಗೂ ಹಾಕಬೇಡಿ. ನಮ್ಮಲ್ಲಿ ಕೈತೊಳೆಯುವ ಕಡೆಯ ಎರಡು ಟಿವಿ ಒಂದು ಸಣ್ಣ ಸ್ವಿಚ್ಚಿನಿಂದ ಹೋಗಿವೆ. ಅಂಥ ಪೋರ್ಟಿಗೆ ಹಾಕಿದರೆ ಒಂದು ಡಬ್ಬಿಯಲ್ಲಿ ಚಾನೆಲ್ ಬದಲಿಸಿದಾಗ ಪಕ್ಕದ ಟಿವಿಯ ಚಿತ್ರವೂ ಹೋಗುತ್ತೆ, ಮತ್ತೆ ಕ್ವೆರಿ ಬರುವವರೆಗೆ ಕಾಯಬೇಕು.

ಹಾಕಿಸುವಾಗ ಎಲ್ಲಾ ಟಿವಿ ಅರ್ಧ ಗಂಟೆ ಓಡಲಿ, ಜೊತೆಗೆ ವೈಫೈಯಲ್ಲಿ ಏನಾದರೂ ಡೌನ್‌ಲೋಡ್ ಹಾಕಿ ನೋಡಿ. ಎರಡು ನಿಮಿಷದ ಟೆಸ್ಟಿಗೆ ಈ ದೋಷ ಸಿಗುವುದೇ ಇಲ್ಲ. ಅಗ್ಗದ ಸಾದಾ ಸ್ವಿಚ್ಚಿನಲ್ಲಿ ಈ ಸೆಟ್ಟಿಂಗ್ ಇರುವುದಿಲ್ಲ, ಕೊಳ್ಳುವ ಮುಂಚೆಯೇ "ಕ್ವೆರಿಯರ್ ಇದೆಯಾ" ಅಂತ ಕೇಳಿ. ಸ್ವಿಚ್ಚಿನ ಪಾಸ್‌ವರ್ಡ್ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ನಮಗೆ ಅದನ್ನು ಕೊಟ್ಟಿರಲೇ ಇಲ್ಲ, ಫೋನ್ ಎತ್ತಲಿಲ್ಲ, ಪೂರ್ತಿ ರೀಸೆಟ್ ಮಾಡಿ ಮೊದಲಿಂದ ಹಾಕಬೇಕಾಯಿತು. ಹೆಚ್ಚುವರಿ ಡಬ್ಬಿ ವಾಪಸ್ ತಗೊಳ್ಳಿ ಅಂದರೆ "ಸೀಲ್ ಒಡೆದೈತಲ್ರೀ ಸಾರ್" ಅನ್ನುತ್ತಾರೆ. ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ, ಡಬ್ಬಿಯಲ್ಲಿ ದೋಷ ಇಲ್ಲ.